ನಾರ್ಮಲ್ ಎಂದು ಬಂದ ಸ್ಕ್ಯಾನ್ ವರದಿ

ನಮ್ಮ ಬಂಧುಗಳ ಮಗನೊಬ್ಬನಿಗೆ ಯಾರೂ ಇಲ್ಲದಾಗಲೂ ದನಿಗಳು ಕೇಳಿಸತೊಡಗಿ, ಬೀದಿಯವರೆಲ್ಲ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆಂಬ ಸಂಶಯ ಬಲವಾದಾಗ, ವೈದ್ಯರು ಮೆದುಳಿನ ಎಂಆರ್‌ಐ ಮಾಡಿಸಿದರು. ವರದಿ ನಾರ್ಮಲ್ ಎಂದು ಬಂತು. ‘ಮೆದುಳಿನಲ್ಲಿ ಏನೂ ಇಲ್ಲ ಅಂದಮೇಲೆ ಮಾತ್ರೆ ಯಾಕೆ?’ ಎಂದು ಅವನ ತಾಯಿ ನನ್ನನ್ನು ಕೇಳಿದರು. ಆಗ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು.

ಆ ಸ್ಕ್ಯಾನ್ ಹುಡುಕುವುದು ಗಡ್ಡೆ, ಉರಿಯೂತ, ರಕ್ತಸ್ರಾವದಂಥ ಕಣ್ಣಿಗೆ ಕಾಣುವ ಕಾರಣಗಳನ್ನು. ಸೈಕೋಸಿಸ್, ಅಂದರೆ ಹೀಗೆ ಇಲ್ಲದ ದನಿ ಕೇಳಿಸುವ, ಬುಡವಿಲ್ಲದ ಸಂಶಯ ಬಲಿಯುವ ಸ್ಥಿತಿಯ ಕುರಿತ ಸಂಶೋಧಕರು ಹುಡುಕುತ್ತಿರುವುದು ಬೇರೆಯದನ್ನು: ಮೆದುಳಿನ ಭಾಗಗಳ ನಡುವಣ ಹೊಂದಾಣಿಕೆಯನ್ನು. 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು, ವ್ಯಕ್ತಿ ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ ಮೆದುಳಿನ ಎಡ ಮತ್ತು ಬಲ ಚಲನಾ ಪ್ರದೇಶಗಳಲ್ಲಿ ರಕ್ತದ ಆಮ್ಲಜನಕಕ್ಕೆ ಸಂಬಂಧಿಸಿದ ಸಂಕೇತ ಒಂದೇ ಲಯದಲ್ಲಿ, ಹತ್ತು ಸೆಕೆಂಡಿಗೊಮ್ಮೆ ಅಥವಾ ಅದಕ್ಕಿಂತ ನಿಧಾನವಾಗಿ, ಏರಿಳಿಯುವುದನ್ನು ತೋರಿಸಿದರು. ಹೀಗೆ ಜೊತೆಯಾಗಿ ಏರಿಳಿಯುವ ಭಾಗಗಳನ್ನು ಪರಸ್ಪರ ಸಂಪರ್ಕದಲ್ಲಿವೆ ಎಂದು ಎಣಿಸಲಾಗುತ್ತದೆ. ಸಂಪರ್ಕವೆಂದರೆ ಇಲ್ಲಿ ತಂತಿಯಲ್ಲ, ತಾಳ. ತಂತಿಯಂತಿರುವ ನರತಂತುಗಳ ಕಟ್ಟುಗಳನ್ನು ನೋಡಲು, ನೀರಿನ ಕಣಗಳು ಯಾವ ದಿಕ್ಕಿನಲ್ಲಿ ಸುಲಭವಾಗಿ ಹರಡುತ್ತವೆ ಎಂಬುದನ್ನು ಅಳೆಯುವ ಬೇರೊಂದು ಬಗೆಯ ಎಂಆರ್‌ಐ ಬೇಕು.

ಇಂಥ ಲಕ್ಷಣಗಳು ದೀರ್ಘಕಾಲ ಕಾಡುವ ಕಾಯಿಲೆಯಾದ ಸ್ಕಿಜೋಫ್ರೀನಿಯಾದಲ್ಲಿ ಪದೇ ಪದೇ ಕಂಡುಬಂದಿರುವ ಒಂದು ಬದಲಾವಣೆ ಥಲಾಮಸ್‌ಗೆ ಸಂಬಂಧಿಸಿದ್ದು. ಕಣ್ಣು, ಕಿವಿ, ಚರ್ಮದ ಸುದ್ದಿಗಳೆಲ್ಲ ಹಾದುಹೋಗುವ ಈ ನಡುಮನೆಗೆ ಹಣೆಯ ಹಿಂದಿನ ಮೆದುಳಿನೊಂದಿಗಿನ ತಾಳ ಸಡಿಲವಾಗಿಯೂ ಸ್ಪರ್ಶ ಮತ್ತು ಚಲನೆಯ ಪ್ರದೇಶಗಳೊಂದಿಗಿನ ತಾಳ ಅತಿಯಾಗಿಯೂ ಕಾಣುತ್ತದೆ. ದನಿ ಕೇಳಿಸುವುದಕ್ಕೆ ಇದೇ ಕಾರಣವೆಂದು ಹೇಳಿಬಿಡುವ ಆಸೆ ಯಾರಿಗೂ ಆಗಬಹುದು. ಆದರೆ ಅಷ್ಟು ದೂರ ಹೋಗಲು ಪುರಾವೆಯಿಲ್ಲ.

ಹತ್ತಿಪ್ಪತ್ತು ವರ್ಷ ಕಾಯಿಲೆಯಲ್ಲಿದ್ದವರ ಮೆದುಳಿನಲ್ಲಿ ಕಾಯಿಲೆಯ ಗುರುತು ಯಾವುದು, ಔಷಧದ, ಬೀಡಿ ಸಿಗರೇಟಿನ, ಒಂಟಿತನದ ಗುರುತು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಆದ್ದರಿಂದಲೇ ಆರಂಭದ ದಿನಗಳ ಚಿತ್ರಗಳಿಗೆ ಇಷ್ಟು ಬೆಲೆ. ಮೆದುಳಿನ ಸಂಪರ್ಕಗಳ ನಕ್ಷೆ ಬಿಡಿಸುವ ಅಮೆರಿಕದ ಹ್ಯೂಮನ್ ಕನೆಕ್ಟೋಮ್ ಯೋಜನೆಯ ಸೈಕೋಸಿಸ್ ವಿಭಾಗ, ಕಾಯಿಲೆ ಶುರುವಾಗಿ 5 ವರ್ಷ ಮೀರದ, 16ರಿಂದ 35 ವಯಸ್ಸಿನವರನ್ನು ಆರಿಸಿಕೊಂಡಿತು. ನಮ್ಮ ನಿಮ್ಹಾನ್ಸ್‌ನ ಸಂಶೋಧಕರು ಇನ್ನೂ ಔಷಧವನ್ನೇ ಆರಂಭಿಸದ ರೋಗಿಗಳ ಎಂಆರ್‌ಐ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ.

ಈ ಕ್ಷೇತ್ರದ ದೊಡ್ಡ ತಲೆನೋವು ಅಕ್ಷರಶಃ ತಲೆಯದೇ. ಸ್ಕ್ಯಾನರ್‌ನೊಳಗೆ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ದೂರದ ಭಾಗಗಳ ಸಂಪರ್ಕ ಕುಂದಿದಂತೆ ಸುಳ್ಳುಚಿತ್ರ ಮೂಡಬಹುದೆಂದು 2012ರಲ್ಲಿ ಹಲವು ತಂಡಗಳು ತೋರಿಸಿದವು. ತಳಮಳದಲ್ಲಿರುವ ಹುಡುಗ ಆ ಗದ್ದಲದ ಕೊಳವೆಯೊಳಗೆ ಅಲುಗದೆ ಮಲಗುವುದು ಸುಲಭವೇ? ಸಾಲದ್ದಕ್ಕೆ, ಕಂಡುಬಂದ ವ್ಯತ್ಯಾಸಗಳು ಗುಂಪುಗಳ ಸರಾಸರಿಯವು; ಆರೋಗ್ಯವಂತರ ಮತ್ತು ರೋಗಿಗಳ ಅಳತೆಗಳು ಒಂದರ ಮೇಲೊಂದು ಹೆಣೆದುಕೊಂಡಿರುವುದರಿಂದ, ಒಬ್ಬನ ಚಿತ್ರ ಹಿಡಿದು ಅವನಿಗೆ ಕಾಯಿಲೆ ಇದೆ ಅಥವಾ ಇಲ್ಲ ಎನ್ನಲಾಗದು.

ಮೊನ್ನೆ ಆ ತಾಯಿಗೆ ಇಷ್ಟನ್ನು ವಿವರಿಸಿದೆ. ವೈದ್ಯರು ಮಾತ್ರೆ ಬರೆದದ್ದು ಆ ವರದಿಯನ್ನು ನೋಡಿ ಅಲ್ಲ, ಮಗನೆದುರು ಮುಕ್ಕಾಲು ಗಂಟೆ ಕುಳಿತು ಅವನ ಮಾತು ಕೇಳಿಸಿಕೊಂಡ ಮೇಲೆ ಎಂಬುದು ಅವರಿಗೂ ನೆನಪಾಯಿತು.