ಖರೀದಿ ಪಟ್ಟಿಗೆ ಹೊಸ ಫ್ಲೋ ಕಟ್ಟಿದ ಶನಿವಾರ

ನಮ್ಮ ಕಾಲೇಜಿನ ಖರೀದಿ ಕೋರಿಕೆಗಳೆಲ್ಲ ಹಲವು ವರ್ಷಗಳಿಂದ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಒಂದು ಲಿಸ್ಟ್‌ನಲ್ಲಿಯೇ, ಅಂದರೆ ಸಾಲು-ಕಾಲಂಗಳ ಪಟ್ಟಿಯಲ್ಲಿಯೇ, ದಾಖಲಾಗುತ್ತ ಬಂದಿವೆ. ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ಬೇಕೆಂದು ವಿಭಾಗದವರು ಬರೆದರೆ ಅದು ಮುಖ್ಯಸ್ಥರ ಒಪ್ಪಿಗೆಗೂ ಅಲ್ಲಿಂದ ಲೆಕ್ಕಪತ್ರ ಶಾಖೆಗೂ ತಾನಾಗಿ ಹೋಗುವಂತೆ 2013ರ ಮಾದರಿಯ ಹಳೆಯ ವರ್ಕ್‌ಫ್ಲೋ ಒಂದು ಕೆಲಸ ಮಾಡುತ್ತಿತ್ತು. ಮೈಕ್ರೋಸಾಫ್ಟ್ 365ರಲ್ಲಿ ಆ ಮಾದರಿಯ ವರ್ಕ್‌ಫ್ಲೋಗಳಿಗೆ 2026ರ ಏಪ್ರಿಲ್ 2 ಕೊನೆಯ ದಿನವೆಂದು ಪ್ರಕಟವಾದ ಮೇಲೆ ಎಲ್ಲವನ್ನೂ ಅದೇ ಕಂಪನಿಯ ಪವರ್ ಆಟೊಮೇಟ್‌ಗೆ ವರ್ಗಾಯಿಸುವ ಕೆಲಸ ನನ್ನ ಪಾಲಿಗೆ ಬಂತು; ಇಂಥ ತಾನಾಗಿ ನಡೆಯುವ ಕೆಲಸಗಳ ಸರಣಿಗೆ ಅಲ್ಲಿ ಫ್ಲೋ ಎಂದು ಹೆಸರು. ತರಗತಿಗಳಿಲ್ಲದ ಒಂದು ಶನಿವಾರ ಲೆಕ್ಕಪತ್ರ ಶಾಖೆಯ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಶುರು ಮಾಡಿದೆ.

ಅವರನ್ನು ಕರೆದದ್ದಕ್ಕೆ ಕಾರಣವಿತ್ತು. ವರ್ಕ್‌ಫ್ಲೋ ಕೈಕೊಡುತ್ತಿದೆ ಎಂದು ಬರುವ ದೂರುಗಳಲ್ಲಿ ಬಹುಪಾಲು ನಿಜವಾಗಿ ಲಿಸ್ಟ್‌ನ ದೂರುಗಳೇ ಆಗಿರುತ್ತವೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಲಿಸ್ಟ್ ಹೇಗಿರಬೇಕೆಂಬುದು ದಿನವೂ ಅದನ್ನು ತುಂಬುವವರಿಗೆ ಗೊತ್ತಿರುವಷ್ಟು ಕಂಪ್ಯೂಟರ್ ವಿಭಾಗದವರಿಗೆ ಗೊತ್ತಿರುವುದಿಲ್ಲ. ಗುಮಾಸ್ತರು ಮೊದಲು ಕೇಳಿದ್ದು ಕಾಲಂಗಳ ಹೆಸರೆಲ್ಲ ಕನ್ನಡದಲ್ಲಿರಲಿ ಎಂದು. ಕೋರಿಕೆ ನ್ಯಾಯವಾದದ್ದೇ, ಆದರೆ ಅದನ್ನು ಮಾಡುವುದಕ್ಕೆ ಒಂದು ಕ್ರಮವಿದೆ. ಕಾಲಂ ಸೃಷ್ಟಿಸುವಾಗ ನಾವು ಕೊಡುವ ಹೆಸರಿನಿಂದಲೇ ಶೇರ್‌ಪಾಯಿಂಟ್ ತನ್ನ ಬಳಕೆಗೆಂದು ಒಂದು ಒಳಹೆಸರನ್ನು ಮಾಡಿಕೊಳ್ಳುತ್ತದೆ, ಮತ್ತು ಮುಂದೆ ತೋರಿಕೆಯ ಹೆಸರನ್ನು ಎಷ್ಟು ಸಲ ಬದಲಾಯಿಸಿದರೂ ಆ ಒಳಹೆಸರು ಬದಲಾಗುವುದಿಲ್ಲ. ಕನ್ನಡದ ಒಂದೊಂದು ಅಕ್ಷರವೂ, ಗುಣಿತದ ಒಂದೊಂದು ಚಿಹ್ನೆಯೂ ಅಲ್ಲಿ ಏಳು ಸ್ಥಾನಗಳ ಸಂಕೇತವಾಗುತ್ತದೆ. ಒಳಹೆಸರಿಗೆ ಇರುವ ಮಿತಿ 32 ಸ್ಥಾನ. ಹೀಗಾಗಿ 'ಖರೀದಿ ದಿನಾಂಕ', 'ಖರೀದಿ ವಿಭಾಗ' ಎಂದು ನೇರವಾಗಿ ಕನ್ನಡದಲ್ಲೇ ಎರಡು ಕಾಲಂ ಮಾಡಿದರೆ ಎರಡರ ಒಳಹೆಸರೂ 'ಖರೀದಿ' ಮುಗಿಯುವ ಮೊದಲೇ ತುಂಡಾಗಿ, ಕೊನೆಗೆ ಅಂಟಿದ ಒಂದು ಅಂಕೆಯ ಹೊರತು ಗುರುತು ಸಿಗದಂತಾಗುತ್ತವೆ. ಫ್ಲೋದಲ್ಲಿ ಬೇಕಾದ ಸಾಲುಗಳನ್ನಷ್ಟೇ ಆರಿಸುವ ಫಿಲ್ಟರ್ ಬರೆಯುವಾಗ ಬೇಕಾಗುವುದು ಈ ಒಳಹೆಸರೇ. ಆದ್ದರಿಂದ ಪ್ರತಿಯೊಂದು ಕಾಲಂ ಅನ್ನು ಮೊದಲು ಇಂಗ್ಲಿಷ್‌ನಲ್ಲಿ, ಖಾಲಿ ಜಾಗವಿಲ್ಲದ ಚಿಕ್ಕ ಹೆಸರಿನಲ್ಲಿ ಸೃಷ್ಟಿಸಿ, ಉಳಿಸಿದ ಮೇಲೆ ಕನ್ನಡಕ್ಕೆ ಬದಲಾಯಿಸುತ್ತ ಹೋದೆವು.

ಆಯ್ಕೆಯ ಕಾಲಂಗಳಲ್ಲಿ ಬರುವ ಪದಗಳನ್ನು ಮಾತ್ರ ನೇರವಾಗಿ ಕನ್ನಡದಲ್ಲೇ ಇಡಬಹುದು, ಆದರೆ ಫ್ಲೋದ ಷರತ್ತಿನಲ್ಲಿ ಅದೇ ಪದವನ್ನು ಮತ್ತೆ ಟೈಪ್ ಮಾಡುವ ಬದಲು ಲಿಸ್ಟ್‌ನಿಂದಲೇ ನಕಲಿಸಿ ಅಂಟಿಸುವುದು ಕ್ಷೇಮ. 'ಸಾಫ್ಟ್‌ವೇರ್' ಎಂಬ ಪದದಲ್ಲಿ 'ಫ್ಟ್' ಒತ್ತಕ್ಷರದ ನಂತರ ಕಣ್ಣಿಗೆ ಕಾಣದ ಒಂದು ವಿಭಜಕ ಚಿಹ್ನೆ ಇರುತ್ತದೆ. ಒಂದು ಕಡೆ ಅದಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಯಂತ್ರದ ಲೆಕ್ಕದಲ್ಲಿ ಅವು ಬೇರೆ ಬೇರೆ ಪದಗಳು.

ಊಟದ ಹೊತ್ತಿಗೆ ಫ್ಲೋಗೆ ಕೈಹಾಕಿದೆವು. ಲಿಸ್ಟ್‌ನಲ್ಲಿ ಒಂದು ಸಾಲು ಬದಲಾದಾಗ ಓಡುವ ಫ್ಲೋ ತಾನೇ ಆ ಸಾಲಿನ ಸ್ಥಿತಿಯನ್ನು ಬದಲಾಯಿಸಿದರೆ ಅದರಿಂದಲೇ ಮತ್ತೆ ಎಚ್ಚರಗೊಂಡು ಓಡುತ್ತದೆ. ಸ್ಥಿತಿ 'ಸಲ್ಲಿಕೆಯಾಗಿದೆ' ಎಂದಿದ್ದರೆ ಮಾತ್ರ ಆರಂಭವಾಗಲಿ ಎಂಬ ಟ್ರಿಗರ್ ಕಂಡಿಷನ್ ಹಾಕಿ, ಓಡಿದ ಕೂಡಲೇ ಸ್ಥಿತಿಯನ್ನು 'ಪರಿಶೀಲನೆಯಲ್ಲಿದೆ' ಎಂದು ಮಾಡಿಸಿದರೆ ಈ ಸುತ್ತು ತಪ್ಪುತ್ತದೆ. ಪರೀಕ್ಷೆಗೆಂದು ಕಳಿಸಿದ ಇಮೇಲ್‌ನಲ್ಲಿ ಸಮಯ ಐದೂವರೆ ಗಂಟೆ ಹಿಂದಿರುವುದನ್ನು ಗುಮಾಸ್ತರು ಒಡನೆಯೇ ಹಿಡಿದರು. ಫ್ಲೋ ಸಮಯವನ್ನು ಗ್ರೀನಿಚ್ ಲೆಕ್ಕದಲ್ಲಿ ಕೊಡುವುದರಿಂದ ಇಮೇಲ್ ಹಂತಕ್ಕಿಂತ ಮೊದಲು ಅದನ್ನು ಭಾರತದ ಸಮಯಕ್ಕೆ ಪರಿವರ್ತಿಸುವ ಒಂದು ಹಂತ ಸೇರಿಸಬೇಕಾಯಿತು. ಬಾಕಿ ಕೋರಿಕೆಗಳ ವಾರದ ವರದಿಗೆ ಸಾಲುಗಳನ್ನು ತರಿಸುವ ಹಂತ ತಾನಾಗಿ ಕೊಡುವುದು ಮೊದಲ 100 ಸಾಲುಗಳನ್ನು ಮಾತ್ರ. ಅದರ ಸೆಟ್ಟಿಂಗ್ಸ್‌ನಲ್ಲಿ ಉಳಿದ ಸಾಲುಗಳನ್ನೂ ಕಂತುಕಂತಾಗಿ ತರಿಸುವ ಪೇಜಿನೇಷನ್ ಆನ್ ಮಾಡಿದೆವು.

ವ್ಯೂಗಳ, ಅಂದರೆ ಒಂದೇ ಲಿಸ್ಟ್ ಅನ್ನು ಬೇರೆ ಬೇರೆ ಬಗೆಯಲ್ಲಿ ತೋರಿಸುವ ನೋಟಗಳ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ವಿಭಾಗದವರಿಗೆ ಅವರವರ ಕೋರಿಕೆಗಳನ್ನಷ್ಟೇ ತೋರಿಸುವ ಒಂದು, ಲೆಕ್ಕಪತ್ರಕ್ಕೆ ಬಾಕಿಯವನ್ನು ತೋರಿಸುವ ಒಂದು, ವರ್ಷವಾರು ಒಂದು, ಇಷ್ಟು ಸಾಕು. ಲಿಸ್ಟ್ 5,000 ಸಾಲು ದಾಟಿದ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇಲ್ಲದ ಕಾಲಂ ಮೇಲೆ ಫಿಲ್ಟರ್ ಹಾಕಿದ ವ್ಯೂ ತೆರೆಯದೆ ಹಠ ಹಿಡಿಯುತ್ತದೆ, ಹಾಗಾಗಿ ಸ್ಥಿತಿ ಮತ್ತು ದಿನಾಂಕದ ಕಾಲಂಗಳಿಗೆ ಲಿಸ್ಟ್ ಚಿಕ್ಕದಿರುವಾಗಲೇ ಇಂಡೆಕ್ಸ್ ಹಾಕಿಟ್ಟೆವು. ಬಣ್ಣಗಳ ಅಲಂಕಾರ ಬೇಡವೆಂದೆ. ಏಳು ದಿನ ಮೀರಿದ ಬಾಕಿಗೆ ಮಾತ್ರ ಕೆಂಪು ಇರಲಿ ಎಂದು ಗುಮಾಸ್ತರು ಒತ್ತಾಯಿಸಿದ್ದು ಸರಿಯಾಗಿಯೇ ಇತ್ತು.

ಸಂಜೆ ಉಳಿದ ಒಂದೇ ಪ್ರಶ್ನೆ, ಮುಖ್ಯಸ್ಥರು ಬೇಸಿಗೆ ರಜೆಯಲ್ಲಿದ್ದರೆ ಏನು ಮಾಡುವುದೆಂಬುದು. ಒಂದು ಫ್ಲೋ ಹೆಚ್ಚೆಂದರೆ 30 ದಿನ ಕಾಯುತ್ತದೆ, ಆಮೇಲೆ ಒಪ್ಪಿಗೆ ಬಾರದಿದ್ದರೂ ನಿಂತುಹೋಗುತ್ತದೆ. ಅದಕ್ಕಾಗಿ ಒಪ್ಪಿಗೆಯ ಹಂತಕ್ಕೆ ಹತ್ತು ದಿನಗಳ ಗಡುವು ಕೊಟ್ಟು, ಅದು ಮೀರಿದರೆ ಕೋರಿಕೆ ಉಪಪ್ರಾಂಶುಪಾಲರಿಗೆ ಹೋಗುವಂತೆ ಇನ್ನೊಂದು ಕವಲು ಜೋಡಿಸಿದೆವು. ಆ ಹುದ್ದೆಯಲ್ಲಿರುವವರ ಇಮೇಲ್ ವಿಳಾಸವನ್ನು ಫ್ಲೋದೊಳಗೆ ಬರೆಯದೆ ಬೇರೊಂದು ಪುಟ್ಟ ಲಿಸ್ಟ್‌ನಲ್ಲಿ ಇಟ್ಟಿದ್ದರಿಂದ, ಮುಂದೆ ವರ್ಗಾವಣೆಯಾದಾಗ ಗುಮಾಸ್ತರೇ ಅದನ್ನು ತಿದ್ದಿಕೊಳ್ಳಬಹುದು.