ಊಟದ ಬದಲು ಶೇಕರ್

ಇವತ್ತು ಮಧ್ಯಾಹ್ನ ತಮ್ಮ ತಟ್ಟೆ ಇಲ್ಲದೇ ಊಟಕ್ಕೆ ಕೂತ. ಕೈಯಲ್ಲಿ ಶೇಕರ್ ಬಾಟಲಿ. ಊಟದ ಬದಲು ಕುಡಿಯೋ ಪೌಷ್ಟಿಕ ಪುಡಿಗೆ ನೀರು ಹಾಕಿ, ಗಡಗಡ ಅಲ್ಲಾಡಿಸಿ, ಕುಡಿದು ಎದ್ದೇಬಿಟ್ಟ.

2013ರಲ್ಲಿ ಅಮೆರಿಕದ ಇಂಜಿನಿಯರ್ ರಾಬ್ ರೈನ್‌ಹಾರ್ಟ್ 30 ದಿನ ಇಂಥದ್ದನ್ನೇ ಕುಡಿದು, ಆಮೇಲೆ ಸಾಯ್ಲೆಂಟ್ ಅಂತ ಮಾರಾಟಕ್ಕೆ ತಂದರು. ಪ್ರೋಟೀನ್, ನಾರು, ವಿಟಮಿನ್ ಎಲ್ಲಾ ಲೆಕ್ಕ ಹಾಕಿಯೇ ಮಾಡಿರ್ತಾರೆ. ಅಡುಗೆಗೆ ಪುರುಸೊತ್ತಿಲ್ಲದವರಿಗೆ ಅನುಕೂಲವೇ, ಇಲ್ಲ ಅನ್ನಲ್ಲ.

ಆದರೆ ರಾಯಚೂರಲ್ಲಿ ಇದ್ದುಕೊಂಡು? ಆಗತಾನೇ ಹಂಚಿನಿಂದ ಇಳಿದ ಜೋಳದ ರೊಟ್ಟಿ. ಮುರಿದರೆ ಬೆರಳು ಸುಡುವಷ್ಟು ಬಿಸಿ. ಪುಂಡಿ ಪಲ್ಲೆ, ಶೇಂಗಾ ಹಿಂಡಿ ಮೇಲೆ ಒಂಚೂರು ಎಣ್ಣೆ, ಕಚ್ಚೋಕೆ ಉಳ್ಳಾಗಡ್ಡಿ. ಅಗಿದು ತಿಂದರೇ ಹೊಟ್ಟೆ ತುಂಬಿದ ಹಾಗೆ, ಅಲ್ವಾ? ಜೊತೆಗೆ ಅವ್ವನ ಹತ್ರ ನಾಲ್ಕು ಮಾತು.

ನಿಮ್ಮ ಮನೇಲೂ ಯಾರಾದರೂ ಹೀಗೆ ಕುಡಿದೇ ದಿನ ಕಳೀತಿದ್ದಾರಾ?