ನಿಮ್ಮ ಮಕ್ಕಳು ಯಾವ ದೇಶದವರು?

ಅಮೆರಿಕದಿಂದ ರಜೆಗೆ ಭಾರತಕ್ಕೆ ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. "ಮಕ್ಕಳು ಅಲ್ಲಿಯವರೋ, ಇಲ್ಲಿಯವರೋ?" ಕೆಲವರು ತಮಾಷೆಗೆ, ಕೆಲವರು ಸ್ವಲ್ಪ ಚುಚ್ಚುವುದಕ್ಕೆ.

ಕಾಗದದ ಲೆಕ್ಕ ಸುಲಭ. ಇಬ್ಬರೂ ಅಲ್ಲೇ ಹುಟ್ಟಿದವರು. ಅಲ್ಲಿಯ ಸಂವಿಧಾನಕ್ಕೆ 1868ರಲ್ಲಿ ಆದ 14ನೇ ತಿದ್ದುಪಡಿಯ ಪ್ರಕಾರ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ನಾನು ಅಲ್ಲಿಯ ಪೌರತ್ವ ತೆಗೆದುಕೊಂಡಾಗ, 1955ರ ಪೌರತ್ವ ಕಾಯ್ದೆಯಂತೆ ಇಲ್ಲಿಯದು ತಾನಾಗಿಯೇ ಹೋಯಿತು. ಈಗ ಮನೆಯವರೆಲ್ಲರ ಕೈಯಲ್ಲೂ ಒಸಿಐ, ಅಂದರೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಕಾರ್ಡು. 2005ರಲ್ಲಿ ಶುರುವಾದದ್ದು. ಹೆಸರಿನಲ್ಲಿ ಭಾರತದ ಪ್ರಜೆ ಅಂತಲೇ ಇದೆ. ಆದರೆ ಓಟಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಜೀವನಪೂರ್ತಿ ವೀಸಾ ಅನ್ನಿ. ಆ ಹೆಸರು ಯಾಕೆ ಇಟ್ಟರೋ!

ಕೇಳುವವರಿಗೆ ಇದು ಬೇಕಿಲ್ಲ, ಗೊತ್ತು. ಮಕ್ಕಳ ಮನಸ್ಸು ಯಾವ ಕಡೆ ಅನ್ನುವುದು ಅವರ ಪ್ರಶ್ನೆ.

ಅದು ನಿಂತಲ್ಲಿ ನಿಲ್ಲುವುದಿಲ್ಲ. 2024ರ ಜೂನ್‌ನಲ್ಲಿ ಟಿ20 ವಿಶ್ವಕಪ್‌ನ ಭಾರತ-ಅಮೆರಿಕ ಪಂದ್ಯ ನ್ಯೂಯಾರ್ಕ್‌ನಲ್ಲಿ ನಡೆಯಿತು. ಅಮೆರಿಕದ ಬೌಲರ್ ಸೌರಭ್ ನೇತ್ರವಲ್ಕರ್ ಕೊಹ್ಲಿಯನ್ನು ಸೊನ್ನೆಗೆ ಔಟ್ ಮಾಡಿದಾಗ ಮಗ ಸೋಫಾದಿಂದ ಹಾರಿದ. ಮರುಕ್ಷಣವೇ ಕೊಹ್ಲಿ ಹೋದನಲ್ಲ ಅಂತ ಮುಖ ಸಣ್ಣ ಮಾಡಿಕೊಂಡ. ಆ ನೇತ್ರವಲ್ಕರ್ ತಾನೇ ಮುಂಬೈಯವನು, ಹಿಂದೆ ಭಾರತದ 19 ವರ್ಷದೊಳಗಿನವರ ತಂಡದಲ್ಲಿ ಆಡಿದವನು. ಅವನನ್ನು ಯಾರ ಲೆಕ್ಕಕ್ಕೆ ಸೇರಿಸೋಣ?

ಮಗಳ ಕಥೆ ಬೇರೆ. ಮೊದಲೆರಡು ಸಲ ಬಂದಾಗ ಅಕ್ಕನ ಮನೆಯಲ್ಲಿ ಅವಳಿಗೆ ಗಾಜಿನ ಗೊಂಬೆಯ ಉಪಚಾರ. ಬಾಟಲಿ ನೀರು, ಫ್ಯಾನಿನ ಕೆಳಗೆ ಜಾಗ, ಎಲ್ಲರೂ ಕಷ್ಟಪಟ್ಟು ಇಂಗ್ಲಿಷು. ಅವಳಿಗೋ ಬೇಜಾರೋ ಬೇಜಾರು. ಮೂರನೇ ಸಲ, ಮಳೆ ಬರುವ ಮೊದಲು ತಾರಸಿಯ ಬಟ್ಟೆ ತೆಗೆದು ಬಾ ಅಂತ ಅಕ್ಕ ಹೇಳಿದ್ದಳು. ಇವಳು ಮರೆತಳು. ಬಟ್ಟೆಯೆಲ್ಲ ತೊಪ್ಪೆ. "ಒಂದು ಕೆಲ್ಸ ಹೇಳಿದ್ರೆ ನೆಟ್ಟಗೆ ಮಾಡೋಕೆ ಬರಲ್ವೇನೇ?" ಅಂತ ಅಕ್ಕ ತನ್ನ ಮಗಳಿಗೆ ಬೈದ ಹಾಗೆಯೇ ಬೈದಳು. ಇವಳು ಅತ್ತಳು. ನಾನು ಮಧ್ಯೆ ಬಾಯಿ ಹಾಕಲು ಹೋಗಿ ಸುಮ್ಮನಾದೆ. ಸಂಜೆ ನೋಡಿದರೆ ಅಕ್ಕನ ಮಗಳ ಜೊತೆ ಕೂತು ದೊಡ್ಡಮ್ಮ ಬೈದದ್ದನ್ನೇ ಅಣಕಿಸಿ ನಗುತ್ತಿದ್ದಳು. ಆಮೇಲೆ 'ಇಂಡಿಯಾಗೆ ಯಾವಾಗ?' ಅಂತ ಅವಳು ಕೇಳಿದ್ದಿಲ್ಲ. 'ದೊಡ್ಡಮ್ಮನ ಮನೆಗೆ ಯಾವಾಗ?' ಅಂತಾಳೆ. ನೆಂಟರ ಮಕ್ಕಳಿಗೆ ಯಾರೂ ಹಾಗೆ ಬೈಯಲ್ಲ, ಅಲ್ವಾ.

ಮಗನಿಗೆ ಇನ್ನೂ ಯಾರೂ ಬೈದಿಲ್ಲ. ಬಂದು ಹತ್ತು ದಿನಕ್ಕೇ ವಾಪಸ್ ಹೊರಡುವ ದಿನ ಎಣಿಸುತ್ತಾನೆ. ಕೇಳಿದರೆ ನೇರವಾಗಿ "ನಾನು ಅಮೆರಿಕದವನು" ಅಂತಾನೆ. ಅಜ್ಜಿಯ ಮುಖ ಬಾಡುತ್ತದೆ. ಹಾಗನ್ನಬೇಡ ಕಣೋ ಅಂತ ನಾನು ತಿದ್ದುವುದಿಲ್ಲ. ಅಜ್ಜಿಗೆ ಮಾತ್ರ ಹೇಳಿದ್ದೇನೆ, ಮುಂದಿನ ಸಲ ಅವನ ಕೈಲೂ ಏನಾದರೂ ಕೆಲಸ ಮಾಡಿಸಿ ಅಂತ.